ವಿಮಾನದ ಗೆರೆ ಸೊಟ್ಟಗೆ ಕಂಡಾಗ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು

ಕಳೆದ ಮಳೆಗಾಲದ ಒಂದು ರಾತ್ರಿ ಎರಡೂವರೆ ಗಂಟೆಗೆ ಅಕ್ಕನ ಫೋನ್ ಬಂತು. “ತಮ್ಮಾ, ಇವರ ವಿಮಾನ ಹಿಂದೆ ಮುಂದೆ ಹೋಗ್ತಾ ಉಂಟು. ಗೆರೆ ಗರಗಸದ ಹಲ್ಲಿನ ಹಾಗೆ ಕಾಣ್ತದೆ. ನೀನೊಮ್ಮೆ ನೋಡು.” ಭಾವ ದುಬೈಯಿಂದ ಮಂಗಳೂರಿಗೆ ಬರುತ್ತಿದ್ದರು. ಅಕ್ಕ ಕುಂಬಳೆಯ ಮನೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಳು. ಹೊರಗೆ ಜೋರು ಮಳೆ.

ಅವಳು ನೋಡುತ್ತಿದ್ದದ್ದು ನಾನೇ ಮಾಡಿಕೊಟ್ಟ ನಕ್ಷೆ. ಬದಿಯಡ್ಕದ ನಮ್ಮ ಮನೆಯ ತಾರಸಿಯಲ್ಲಿ ವಿಮಾನದ ಸಂಕೇತ ಹಿಡಿಯುವ ಒಂದು ರಿಸೀವರ್ ಇದೆ. ಮಂಜೇಶ್ವರದ ಗೆಳೆಯನ ಮನೆಯಲ್ಲಿ ಇನ್ನೊಂದು ಇದೆ. ಎರಡನ್ನೂ ಸೇರಿಸಿ ಒಂದೇ ನಕ್ಷೆಯಲ್ಲಿ ತೋರಿಸುವ ವ್ಯವಸ್ಥೆ ಮಾಡಿದ್ದೆ. ಭಾವ ಆ ರಾತ್ರಿ ಸಮಯಕ್ಕೆ ಸರಿಯಾಗಿ ಬಂದಿಳಿದರು. ದೋಷ ಎಲ್ಲಿತ್ತು ಎಂದು ತಿಳಿಯಲು ಮಾತ್ರ ನನಗೆ ಮರುದಿನ ಮಧ್ಯಾಹ್ನ ಆಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕಡೆ ಈ ಗೆರೆಗಳನ್ನು ಸುಮ್ನೆ ಮೋಜಿಗೆ ನೋಡುವವರು ಕಡಿಮೆ. ಗಲ್ಫಿನಲ್ಲಿ ಮನೆಯವರಿರುವ ಕುಟುಂಬಗಳು ಕಾಸರಗೋಡಿನಲ್ಲಿ ಎಷ್ಟಿವೆ ಎಂದು ನಿಮಗೂ ಗೊತ್ತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕೆಳಗೆ ಬಿದ್ದಾಗ 158 ಮಂದಿ ತೀರಿಕೊಂಡರು. ಉಳಿದವರು ಎಂಟೇ ಮಂದಿ. ಸತ್ತವರಲ್ಲಿ ನಮ್ಮ ಜಿಲ್ಲೆಯವರೂ ಹಲವರಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಯಾರಾದರೂ ವಿಮಾನದಲ್ಲಿ ಬರುವಾಗ, ಇಳಿದೆ ಎಂಬ ಫೋನ್ ಬರುವ ತನಕ ಯಾರೂ ಮಲಗುವುದಿಲ್ಲ. ಹಾಗಾಗಿ ಗೆರೆ ಯಾಕೆ ಸೊಟ್ಟಗಾಗುತ್ತದೆ ಎಂದು ತಿಳಿದುಕೊಳ್ಳುವುದು ದೊಡ್ಡ ಸಮಾಧಾನ.

ಗೆರೆ ಹುಟ್ಟುವುದು ಎಲ್ಲಿ

ವಿಮಾನ ತಾನು ಎಲ್ಲಿದ್ದೇನೆ ಎಂದು ಜಿಪಿಎಸ್ ನೋಡಿ ತಿಳಿದುಕೊಳ್ಳುತ್ತದೆ. ಅದನ್ನು 1090 ಮೆಗಾಹರ್ಟ್ಸ್ ರೇಡಿಯೊದಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ಕೂಗಿ ಹೇಳುತ್ತದೆ. ಇದಕ್ಕೆ ಎಡಿಎಸ್-ಬಿ ಎನ್ನುತ್ತಾರೆ. ನೆಲದ ಮೇಲಿನ ರಿಸೀವರ್ ಅದನ್ನು ಕೇಳಿ ಇಂಟರ್ನೆಟ್‌ಗೆ ಕಳಿಸುತ್ತದೆ. ಸರ್ವರ್ ಅದನ್ನು ಒಂದು ಚುಕ್ಕೆ ಮಾಡಿ ನಕ್ಷೆಯಲ್ಲಿ ಇಡುತ್ತದೆ. ಗೆರೆ ಎಂಬುದನ್ನು ವಿಮಾನ ಕಳಿಸುವುದೇ ಇಲ್ಲ. ಚುಕ್ಕೆಗಳನ್ನು ಸಮಯದ ಪ್ರಕಾರ ಸಾಲಾಗಿಟ್ಟು ಕಂಪ್ಯೂಟರೇ ಎಳೆಯುವುದು. ರಂಗೋಲಿಯಲ್ಲಿ ಚುಕ್ಕಿ ಎಲ್ಲ ಸರಿ ಇದ್ದು, ಸೇರಿಸುವ ಕ್ರಮ ತಪ್ಪಿದರೆ ಬೇರೆಯೇ ಚಿತ್ರ ಬರುತ್ತದೆ, ಅಲ್ವಾ? ಇಲ್ಲಿಯೂ ಹಾಗೆಯೇ. ಚುಕ್ಕಿ ತಪ್ಪಿರಬಹುದು, ಚುಕ್ಕಿ ಸಿಕ್ಕದೇ ಹೋಗಿರಬಹುದು, ಸೇರಿಸಿದ್ದು ತಪ್ಪಿರಬಹುದು, ಇಲ್ಲವೇ ವಿಮಾನ ನಿಜವಾಗಿಯೂ ಹಾಗೇ ಹಾರಿರಬಹುದು. ಯಾವುದು ಎಂದು ಬೇರ್ಪಡಿಸುವುದೇ ನಮ್ಮ ಕೆಲಸ.

ಮೊದಲು ಎತ್ತರ ನೋಡಿ

ಎಲ್ಲಕ್ಕಿಂತ ಮೊದಲು ಎತ್ತರದ ಗ್ರಾಫ್ ತೆರೆಯಿರಿ. ನಕ್ಷೆಯಲ್ಲಿ ಕಾಣುವ ಎತ್ತರ ಸಾಮಾನ್ಯವಾಗಿ ಗಾಳಿಯ ಒತ್ತಡದಿಂದ ಅಳೆದದ್ದು. ಜಿಪಿಎಸ್ ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಂದರೆ ಒಂದೇ ವಿಮಾನದ ಬಗ್ಗೆ ಎರಡು ಬೇರೆ ಬೇರೆ ಸಾಕ್ಷಿಗಳು. ಗೆರೆ ಹುಚ್ಚೆದ್ದು ಕುಣಿಯುತ್ತಿದ್ದರೂ ಎತ್ತರ 36,000 ಅಡಿಯಲ್ಲಿ ಗೆರೆ ಕೊಯ್ದ ಹಾಗೆ ನೇರವಾಗಿದ್ದರೆ, ವಿಮಾನ ನೆಮ್ಮದಿಯಾಗಿ ಹೋಗುತ್ತಿದೆ, ತಪ್ಪಿರುವುದು ಜಾಗದ ಮಾಹಿತಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಎತ್ತರದ ಅಂಕಿಯನ್ನೇ ಅಡಿ ಲೆಕ್ಕದಲ್ಲಿ ನಂಬಲೂ ಹೋಗಬೇಡಿ. ಅದು 1013.25 ಹೆಕ್ಟೊಪಾಸ್ಕಲ್ ಒತ್ತಡವನ್ನು ಸೊನ್ನೆ ಎಂದಿಟ್ಟುಕೊಂಡು ಹೇಳುವ ಲೆಕ್ಕ. ಮಳೆಗಾಲದಲ್ಲಿ ನಮ್ಮಲ್ಲಿ ಒತ್ತಡ ಅದಕ್ಕಿಂತ ಕಡಿಮೆ ಇರುತ್ತದೆ. ಒಂದು ಹೆಕ್ಟೊಪಾಸ್ಕಲ್ ಕಡಿಮೆಯಾದರೆ ಅಂಕಿ ಸುಮಾರು 27 ಅಡಿ ಜಾಸ್ತಿ ತೋರಿಸುತ್ತದೆ. ಇಳಿಯುತ್ತಿರುವ ವಿಮಾನ ನಕ್ಷೆಯಲ್ಲಿ ಇನ್ನೂರು ಅಡಿ ಮೇಲೆ ತೇಲುತ್ತಿದ್ದರೆ ಗಾಬರಿ ಬೇಡ.

ಆಮೇಲೆ ಅದೇ ವಿಮಾನವನ್ನು ಇನ್ನೊಂದು ಸೇವೆಯಲ್ಲಿ ತೆರೆಯಿರಿ. ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್, ಎಡಿಎಸ್-ಬಿ ಎಕ್ಸ್‌ಚೇಂಜ್, ಓಪನ್‌ಸ್ಕೈ ಹೀಗೆ ಕೆಲವಿವೆ. ಒಂದರಲ್ಲಿ ಸೊಟ್ಟ, ಇನ್ನೊಂದರಲ್ಲಿ ನೇರ ಇದ್ದರೆ ದೋಷ ನೆಲದ ಮೇಲಿದೆ. ಎರಡರಲ್ಲೂ ಸೊಟ್ಟ ಇದ್ದರೆ ಮೇಲಿನಿಂದಲೇ ಹಾಗೆ ಬಂದಿರುವ ಸಾಧ್ಯತೆ ಜಾಸ್ತಿ. ಖಂಡಿತ ಎನ್ನಲು ಆಗುವುದಿಲ್ಲ, ಯಾಕೆಂದರೆ ಒಂದೇ ಮನೆಯ ರಿಸೀವರ್ ನಾಲ್ಕೈದು ಸೇವೆಗಳಿಗೆ ಡೇಟಾ ಕೊಡುವುದು ಮಾಮೂಲು. ನಾನೂ ಹಾಗೆ ಕೊಡುತ್ತೇನೆ.

ಮೂರನೆಯದಾಗಿ, ಚುಕ್ಕೆಯ ಮೂಲ ಏನೆಂದು ನೋಡಿ. ವಿಮಾನದ ಮೇಲೆ ಒತ್ತಿದರೆ ಎಡಿಎಸ್-ಬಿ, ಎಂಲ್ಯಾಟ್ (ಹಲವು ರಿಸೀವರ್‌ಗಳು ಸೇರಿ ಲೆಕ್ಕ ಹಾಕಿದ ಜಾಗ), ಸ್ಯಾಟಲೈಟ್, ಅಂದಾಜು ಎಂದು ಯಾವುದಾದರೊಂದು ಬರೆದಿರುತ್ತದೆ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಈ ಒಂದು ಪದದಲ್ಲೇ ಇದೆ.

ನಡುಸಮುದ್ರದಲ್ಲಿ ನಿಂತಿತು, ಆಮೇಲೆ ಹಾರಿ ಬಂತು

ನಮ್ಮ ಕಡೆಯವರು ಅತಿ ಹೆಚ್ಚು ಕೇಳುವ ದೂರು ಇದು. ವಿಮಾನ ಒಮಾನಿನ ತೀರ ದಾಟುತ್ತದೆ, ಅರಬ್ಬೀ ಸಮುದ್ರದಲ್ಲಿ ಮಾಯವಾಗುತ್ತದೆ. ಇಲ್ಲವೇ ಅಳತೆಕೋಲು ಇಟ್ಟು ಎಳೆದ ಹಾಗೆ ನೇರ ಗೆರೆಯಲ್ಲಿ ಹೋಗಿ, ಲಕ್ಷದ್ವೀಪದ ಉತ್ತರಕ್ಕೆ ಬಂದಾಗ ಪಕ್ಕಕ್ಕೆ ಜಿಗಿಯುತ್ತದೆ. ಕೆಲವು ಸಲ ಹಿಂದಕ್ಕೇ ಜಿಗಿಯುತ್ತದೆ.

ಕಾರಣ ಭೂಮಿಯ ದುಂಡು. ರೇಡಿಯೊ ಅಲೆ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. ವಿಮಾನದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಎಷ್ಟು ಕಿಲೋಮೀಟರ್ ದೂರದಿಂದ ಕೇಳುತ್ತದೆ ಎಂದು ಸಿಗುತ್ತದೆ. 10,000 ಮೀಟರ್ ಎತ್ತರಕ್ಕೆ 412 ಕಿ.ಮೀ. ಈಗ ಮಂಗಳೂರಿನಿಂದ ಒಮಾನಿನ ಪೂರ್ವದ ಮೂಲೆಯಾದ ರಾಸ್ ಅಲ್ ಹದ್ ತನಕ ಅಳೆಯಿರಿ. ಸುಮಾರು 1,900 ಕಿ.ಮೀ. ನಮ್ಮ ತೀರದವರು 400 ಕೇಳಿದರು, ಆಚೆ ತೀರದವರು 400 ಕೇಳಿದರು ಎಂದಿಟ್ಟುಕೊಳ್ಳಿ. ನಡುವೆ 1,100 ಕಿ.ಮೀ. ಉಳಿಯಿತು. ಅಲ್ಲಿ ಕೇಳುವ ಕಿವಿ ನೆಲದ ಮೇಲೆ ಇಲ್ಲ. ಆ ದೂರ ಹಾರಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು.

ಈ ಖಾಲಿ ಜಾಗವನ್ನು ಒಂದೊಂದು ಸೇವೆ ಒಂದೊಂದು ರೀತಿ ತುಂಬುತ್ತದೆ. ಕೆಲವು ಕೊನೆಯ ಚುಕ್ಕೆಯ ವೇಗ, ದಿಕ್ಕು ಹಿಡಿದು ವಿಮಾನದ ಚಿತ್ರವನ್ನು ಅಂದಾಜಿನಲ್ಲಿ ಮುಂದೆ ತಳ್ಳುತ್ತವೆ. ನಿಜವಾದ ಚುಕ್ಕೆ ಸಿಕ್ಕ ಕೂಡಲೇ ಚಿತ್ರ ಅಲ್ಲಿಗೆ ಹಾರುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಇರುತ್ತದೆ. ಗಲ್ಫಿನಿಂದ ಬರುವ ವಿಮಾನಕ್ಕೆ ಅದು ಎದುರು ಗಾಳಿ. ಒಮಾನಿನ ಹತ್ತಿರದ ವೇಗವನ್ನೇ ಹಿಡಿದು ಲೆಕ್ಕ ಹಾಕಿದ ಅಂದಾಜು ನಿಜಕ್ಕಿಂತ ಮುಂದೆ ಓಡಿರುತ್ತದೆ. ಹಾಗಾಗಿ ಚಿತ್ರ ಹಿಂದಕ್ಕೆ ಬಂದ ಹಾಗೆ ಕಾಣುತ್ತದೆ. ವಿಮಾನ ಹಿಂದೆ ಬಂದಿಲ್ಲ, ಅಂದಾಜನ್ನು ಸರಿ ಮಾಡಿದ್ದಾರೆ ಅಷ್ಟೆ.

ಇರಿಡಿಯಂ ಸ್ಯಾಟಲೈಟ್‌ಗಳಲ್ಲಿ ಕೂರಿಸಿದ ಏರಿಯಾನ್ ರಿಸೀವರ್‌ಗಳು 2019ರಿಂದ ಸಮುದ್ರದ ಮೇಲಿನ ವಿಮಾನಗಳನ್ನೂ ಕೇಳುತ್ತಿವೆ. ಆದರೆ ಆ ಡೇಟಾ ಎಲ್ಲ ಸೇವೆಗಳಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಅಂದಾಜು ಎಂಬ ಗುರುತು ಇದ್ದಷ್ಟು ಹೊತ್ತು ಅಲ್ಲಿ ಕಾಣುವ ಜಾಗ, ವೇಗ, ತಲಪುವ ಸಮಯ ಎಲ್ಲವೂ ಲೆಕ್ಕದ್ದು ಎಂದು ತಿಳಿಯಿರಿ.

ಸುತ್ತು ಹೊಡೆಯುತ್ತಿದೆ

ಅಂಡಾಕಾರದ ಸುತ್ತು, ಒಂದರ ಮೇಲೊಂದು, ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಇದು ದೋಷವೇ ಅಲ್ಲ. ಇಳಿಯಲು ಸರದಿ ಕಾಯುವಾಗ, ಇಲ್ಲವೇ ರನ್‌ವೇ ಮೇಲೆ ಮಳೆ ಕಡಿಮೆಯಾಗಲಿ ಎಂದು ಕಾಯುವಾಗ ಪೈಲಟ್ ಹೀಗೆ ಮಾಡುತ್ತಾರೆ. 14,000 ಅಡಿಗಿಂತ ಕೆಳಗಾದರೆ ನೇರ ಓಟ ಒಂದು ನಿಮಿಷ, ತಿರುವು ಒಂದು ನಿಮಿಷ, ಮತ್ತೆ ಅದೇ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ನಿಮ್ಮ ಗೆರೆಯಲ್ಲಿ ಚುಕ್ಕೆಗಳ ಸಮಯ ನೋಡಿ. ನಾಲ್ಕು ನಿಮಿಷದ ಆಸುಪಾಸು ಬಂದರೆ, ಎತ್ತರ ನಿಂತಲ್ಲೇ ನಿಂತಿದ್ದರೆ ಅಥವಾ ಸಾವಿರ ಸಾವಿರ ಅಡಿಯ ಮೆಟ್ಟಿಲಲ್ಲಿ ಇಳಿಯುತ್ತಿದ್ದರೆ, ಕಾಯುತ್ತಿದ್ದಾರೆ ಎಂದೇ ಅರ್ಥ.

ಇಂಧನ ಮುಗಿದರೆ ಎಂದು ಅಮ್ಮ ಕೇಳುತ್ತಾರೆ. ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಮತ್ತೆ 30 ನಿಮಿಷ ಹಾರುವಷ್ಟು ಇಂಧನವನ್ನು ಜೆಟ್ ವಿಮಾನ ಹೊತ್ತೇ ಬರಬೇಕು ಎಂಬುದು ನಿಯಮ. ನಮ್ಮ ಪೇಟೆಯಿಂದ ನೇರ ಅಳೆದರೆ ಬಜ್ಪೆ ಸುಮಾರು 50 ಕಿ.ಮೀ., ಕಣ್ಣೂರು 90, ಕಲ್ಲಿಕೋಟೆಯ ಕರಿಪುರ 180. ಬಜ್ಪೆಯಲ್ಲಿ ಆಗದಿದ್ದರೆ ಹೋಗಲು ಜಾಗ ಇದೆ.

ಬಜ್ಪೆಯ ಇನ್ನೊಂದು ಗೆರೆ ಹೊಸಬರನ್ನು ಹೆದರಿಸುತ್ತದೆ. ಸಮುದ್ರದಿಂದ ಬಂದ ವಿಮಾನ ನಿಲ್ದಾಣವನ್ನು ದಾಟಿ ಘಟ್ಟದ ಕಡೆಗೆ ಹೋಗುತ್ತದೆ, ಅಲ್ಲಿ ತಿರುಗಿ ವಾಪಸು ಬರುತ್ತದೆ. ಅಲ್ಲಿನ ರನ್‌ವೇಯ ಎರಡು ತುದಿಗಳಿಗೆ 06 ಮತ್ತು 24 ಎಂದು ಹೆಸರು. 24ರಲ್ಲಿ ಇಳಿಯುವುದೆಂದರೆ ಸುಮಾರು 240 ಡಿಗ್ರಿ ದಿಕ್ಕಿಗೆ, ಅಂದರೆ ಸಮುದ್ರದ ಕಡೆಗೆ ಮುಖ ಮಾಡಿ ಇಳಿಯುವುದು. ಹಾಗಾಗಿ ಮೊದಲು ಒಳನಾಡಿಗೆ ಹೋಗಲೇಬೇಕು.

ತೀರಾ ಕೆಳಗೆ ಬಂದು ಮತ್ತೆ ಮೇಲೇರಿದರೆ ಅದು ಗೋ-ಅರೌಂಡ್. ಇಳಿಯುವುದು ಸರಿ ಕಾಣದಿದ್ದರೆ ಪೈಲಟ್ ಮೇಲೇರಿ ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ನನಗೆ ಆ ಗೆರೆ ಕಂಡಾಗ ಧೈರ್ಯವೇ ಬರುತ್ತದೆ. ನಿಜವಾಗಿ ಗಮನಿಸಬೇಕಾದದ್ದು ವಿಮಾನ ಕಳಿಸುವ ಸ್ಕ್ವಾಕ್ ಎಂಬ ನಾಲ್ಕು ಅಂಕಿಯ ಸಂಖ್ಯೆ. 7700 ಎಂದರೆ ತುರ್ತು, 7600 ಎಂದರೆ ರೇಡಿಯೊ ಕೆಟ್ಟಿದೆ, 7500 ಎಂದರೆ ಅಪಹರಣ. ಈ ಮೂರೂ ಇಲ್ಲದೆ ಬರೀ ಸುತ್ತು ಇದ್ದರೆ ಚಹಾ ಮಾಡಿಕೊಂಡು ಕಾಯಬಹುದು.

ಯು-ತಿರುವು ಹೊಡೆದು ಬಂದ ದಾರಿಯಲ್ಲೇ ಮರಳಿದರೆ ಆಕಾಶ ಮುಚ್ಚಿದೆಯೇ ಎಂದು ಸುದ್ದಿ ನೋಡಿ. 2025ರ ಜೂನ್ 23ರ ಸಂಜೆ ಕತಾರ್ ಕೆಲವು ಗಂಟೆ ತನ್ನ ಆಕಾಶ ಮುಚ್ಚಿತು. ಸುತ್ತಲಿನ ಕೆಲವು ದೇಶಗಳೂ ಮುಚ್ಚಿದವು. ದೋಹಾಕ್ಕೆ ಹೊರಟಿದ್ದ ಎಷ್ಟೋ ವಿಮಾನಗಳು ಸಮುದ್ರದ ಮೇಲೆಯೇ ತಿರುಗಿದವು. ಆ ರಾತ್ರಿ ನಕ್ಷೆ ಕೆಟ್ಟಿದೆ ಎಂದುಕೊಂಡವರಿದ್ದಾರೆ. ನಕ್ಷೆ ಸರಿಯಾಗಿಯೇ ಇತ್ತು.

ಗದ್ದೆ ಉತ್ತ ಹಾಗೆ ಹಿಂದಕ್ಕೂ ಮುಂದಕ್ಕೂ ಸಮನಾದ ಸಾಲು ಕಂಡರೆ ಅದು ಸರ್ವೆ ವಿಮಾನ. ಒಂದೇ ರನ್‌ವೇಗೆ ಹತ್ತಾರು ಸಲ ಬಂದು ಇಳಿಯದೇ ಹೋದರೆ, ನಿಲ್ದಾಣದ ಇಳಿಸುವ ಉಪಕರಣಗಳನ್ನು ಪರೀಕ್ಷಿಸುವ ವಿಮಾನ ಇರಬಹುದು, ತರಬೇತಿಯೂ ಇರಬಹುದು.

ಇದ್ದಕ್ಕಿದ್ದಂತೆ ಬೈರುತ್‌ನಲ್ಲಿ

ಇದು ಹೊಸ ಕಾಲದ ದೋಷ. ಗಲ್ಫಿನ ದಾರಿಗೆ ಇದು ಮುಖ್ಯ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಪಿಎಸ್ ಸಂಕೇತ ಬಹಳ ಮೆಲ್ಲಗಿನದು. ನೆಲದಿಂದ ಜೋರಾದ ಗದ್ದಲ ಎಬ್ಬಿಸಿದರೆ ವಿಮಾನಕ್ಕೆ ಅದು ಕೇಳುವುದಿಲ್ಲ. ಜಾತ್ರೆಯ ಮೈಕಿನ ಎದುರು ನಿಂತು ಪಿಸುಮಾತು ಆಡಿದ ಹಾಗೆ. ಇದು ಜಾಮಿಂಗ್. ಇನ್ನೊಂದು ಸ್ಪೂಫಿಂಗ್. ಅಲ್ಲಿ ಜಿಪಿಎಸ್‌ನದೇ ದನಿಯಲ್ಲಿ ಸುಳ್ಳು ಸಂಕೇತ ಕಳಿಸುತ್ತಾರೆ. ವಿಮಾನದ ಜಿಪಿಎಸ್ ಅದನ್ನು ನಂಬುತ್ತದೆ, ನಂಬಿದ್ದನ್ನೇ ಪ್ರಾಮಾಣಿಕವಾಗಿ ಕೂಗಿ ಹೇಳುತ್ತದೆ. 2023ರ ಸೆಪ್ಟೆಂಬರಿನಿಂದ ಇರಾಕ್ ಮತ್ತು ಇರಾನ್ ಗಡಿಯ ಮೇಲೆ ಇಂಥವು ಸುದ್ದಿಯಾದವು. ಆ ವರ್ಷದ ಕೊನೆಯಿಂದ ಮೆಡಿಟರೇನಿಯನ್ ಸಮುದ್ರದ ಪೂರ್ವದಲ್ಲಿ ಎಷ್ಟೋ ವಿಮಾನಗಳು ಬೈರುತ್ ನಿಲ್ದಾಣದ ಮೇಲೆ ರಾಶಿ ಬಿದ್ದ ಹಾಗೆ ನಕ್ಷೆಯಲ್ಲಿ ಕಂಡವು. 2025ರ ಜೂನಿನಲ್ಲಿ ಹೊರ್ಮುಜ್ ಜಲಸಂಧಿಯ ಸುತ್ತ ಹಡಗುಗಳಿಗೂ ಇದೇ ತೊಂದರೆ ಆಯಿತು. ನಮ್ಮ ದೇಶದಲ್ಲಿ ಅಮೃತಸರ, ಜಮ್ಮು ಕಡೆಯ ಗಡಿಯಲ್ಲಿ ಇದು ನಡೆಯುತ್ತಿದೆ ಎಂದು ಸಂಸತ್ತಿನಲ್ಲೇ ಹೇಳಲಾಗಿದೆ.

ಗುರುತಿಸುವುದು ಹೇಗೆ? ಪಕ್ಕದ ವಿಮಾನಗಳನ್ನು ನೋಡಿ. ಒಂದೇ ಪ್ರದೇಶ, ಒಂದೇ ಹೊತ್ತು, ಬೇರೆ ಬೇರೆ ಕಂಪನಿಯ ಹತ್ತು ವಿಮಾನಗಳ ಗೆರೆ ಒಟ್ಟಿಗೆ ಕೆಟ್ಟಿದ್ದರೆ, ಅಷ್ಟೂ ವಿಮಾನಗಳಲ್ಲಿ ಏಕಕಾಲಕ್ಕೆ ದೋಷ ಬರಲು ಸಾಧ್ಯವಿಲ್ಲ. ತೊಂದರೆ ಆ ಜಾಗದ ಆಕಾಶದ್ದು. ಎಲ್ಲವೂ ಒಂದೇ ಜಾಗಕ್ಕೆ ಹಾರಿದರೆ ಅಥವಾ ಪುಟ್ಟ ವೃತ್ತದಲ್ಲಿ ತಿರುಗುತ್ತಿದ್ದರೆ ಸ್ಪೂಫಿಂಗ್. ಜಾಗದ ಚುಕ್ಕೆಗಳೇ ನಿಂತುಹೋಗಿ, ಎತ್ತರ ಮಾತ್ರ ಬರುತ್ತಿದ್ದರೆ ಜಾಮಿಂಗ್. ವಿಮಾನ ತನ್ನ ಜಾಗದ ಜೊತೆಗೆ ಆ ಜಾಗ ಎಷ್ಟು ನಂಬಬಹುದು ಎಂಬ ಅಂಕಿಯನ್ನೂ ಕಳಿಸುತ್ತದೆ. ಎಡಿಎಸ್-ಬಿ ಎಕ್ಸ್‌ಚೇಂಜ್‌ನಂಥ ನಕ್ಷೆಗಳಲ್ಲಿ ಎನ್‌ಐಸಿ ಎಂದು ಅದು ಕಾಣುತ್ತದೆ. ಸಾಮಾನ್ಯ ದಿನ 8ರ ಆಸುಪಾಸು ಇರುವುದು 0ಗೆ ಬಿದ್ದರೆ ಜಿಪಿಎಸ್ ಕೈಕೊಟ್ಟಿದೆ. ಇದೇ ಅಂಕಿಗಳನ್ನು ಒಟ್ಟು ಹಾಕಿ ಜಿಪಿಎಸ್‌ಜ್ಯಾಮ್ ಎಂಬ ಜಾಲತಾಣ ದಿನದ ನಕ್ಷೆ ಮಾಡುತ್ತದೆ. ಶೇಕಡಾ 10ಕ್ಕಿಂತ ಜಾಸ್ತಿ ವಿಮಾನಗಳಿಗೆ ತೊಂದರೆಯಾದ ಜಾಗ ಅಲ್ಲಿ ಕೆಂಪು.

ವಿಮಾನಕ್ಕೆ ದಾರಿ ತಪ್ಪುತ್ತದೆಯೇ? ಅದರೊಳಗೆ ಜಿಪಿಎಸ್ ಇಲ್ಲದೆಯೂ ತಿರುವು, ವೇಗ ಅಳೆದು ಜಾಗ ಲೆಕ್ಕ ಹಾಕುವ ಉಪಕರಣ ಇದೆ. ನೆಲದ ರೇಡಿಯೊ ದೀಪಸ್ತಂಭಗಳಿವೆ. ಕಂಟ್ರೋಲಿನವರ ರಾಡಾರ್ ಇದೆ. ತೊಂದರೆ ಇಲ್ಲ ಎಂದು ನಾನು ಹೇಳುವುದಿಲ್ಲ. ಪೈಲಟ್‌ಗಳಿಗೆ ಕೆಲಸ ಹೆಚ್ಚುತ್ತದೆ, ಎಚ್ಚರಿಕೆ ಗಂಟೆಗಳು ಸುಳ್ಳು ಹೇಳುವುದೂ ಇದೆ. ಆದರೆ ನಿಮ್ಮ ಮಗ ಕೂತ ವಿಮಾನ ಬೈರುತ್‌ಗೆ ಹೋಗಿಲ್ಲ.

ಒಂದೇ ಒಂದು ಮುಳ್ಳು

ಗೆರೆ ಪೂರ್ತಿ ಸರಿ, ನಡುವೆ ಒಂದು ಚುಕ್ಕೆ ಮಾತ್ರ ನೂರಾರು ಕಿಲೋಮೀಟರ್ ಆಚೆ. ಹೋಗಿ ಬಂದ ಹಾಗೆ ಒಂದು ಉದ್ದ ಮುಳ್ಳು. ಜಾಗವನ್ನು ಚಿಕ್ಕ ಸಂದೇಶದಲ್ಲಿ ತುಂಬಲು ಎಡಿಎಸ್-ಬಿ ಒಂದು ಉಪಾಯ ಮಾಡುತ್ತದೆ. ಭೂಮಿಯ ಉತ್ತರ-ದಕ್ಷಿಣ ಸುತ್ತನ್ನು ಒಂದು ಸಲ 60 ಪಟ್ಟಿ, ಮುಂದಿನ ಸಲ 59 ಪಟ್ಟಿ ಎಂದು ಭಾಗ ಮಾಡಿ, ಪಟ್ಟಿಯ ಒಳಗೆ ಎಲ್ಲಿದ್ದೇನೆ ಎಂದಷ್ಟೇ ಹೇಳುತ್ತದೆ. ಎರಡನ್ನೂ ಜೋಡಿಸಿದಾಗ ಯಾವ ಪಟ್ಟಿ ಎಂದು ಗೊತ್ತಾಗುತ್ತದೆ. ಜೋಡಿಯಲ್ಲಿ ಒಂದು ಕೆಟ್ಟಿದ್ದರೆ ಪಟ್ಟಿ ತಪ್ಪುತ್ತದೆ. ಒಂದು ಪಟ್ಟಿ ಎಂದರೆ ಆರು ಡಿಗ್ರಿ, ಸುಮಾರು 660 ಕಿ.ಮೀ. ಕಾಸರಗೋಡಿನ ಮೇಲಿರುವ ವಿಮಾನ ಒಂದು ಕ್ಷಣ ಪುಣೆಯ ನೇರಕ್ಕೆ ಹಾರಿ ಬಂದದ್ದನ್ನು ನಾನೇ ನೋಡಿದ್ದೇನೆ. ನಿಮ್ಮದೇ ರಿಸೀವರ್ ಆದರೆ, ಕೆಟ್ಟ ಸಂದೇಶಗಳನ್ನು ಊಹಿಸಿ ತಿದ್ದುವ ಆಯ್ಕೆಯನ್ನು ಕಡಿಮೆ ಮಾಡಿ. ಮುಳ್ಳು ಹೋಗುತ್ತದೆ.

ಒಂದೇ ವಿಮಾನ ಎರಡು ಊರಿನ ನಡುವೆ ಮತ್ತೆ ಮತ್ತೆ ಹಾರುತ್ತಿದ್ದರೆ ಬೇರೆ ಕಾರಣ. ಪ್ರತಿ ವಿಮಾನಕ್ಕೆ ಆರು ಅಕ್ಷರದ ಗುರುತು ಇದೆ. ಭಾರತದ್ದು 80ರಿಂದ 83ರ ಒಳಗೆ ಶುರುವಾಗುತ್ತದೆ, ಯುಎಇಯದ್ದು 896ರಿಂದ. ಉಪಕರಣ ಬದಲಿಸುವಾಗ ಗುರುತು ತಪ್ಪಾಗಿ ತುಂಬಿ, ಎರಡು ವಿಮಾನ ಒಂದೇ ಗುರುತಿನಲ್ಲಿ ಹಾರಿದರೆ ನಕ್ಷೆ ಎರಡನ್ನೂ ಒಂದೇ ಎಂದು ಹೊಲಿಯುತ್ತದೆ.

ನಡುಗುವ ಗೆರೆ

ಮೂಲ ಎಂಲ್ಯಾಟ್ ಎಂದಿದ್ದು ಗೆರೆ ನಡುಗುತ್ತಿದ್ದರೆ ಅದು ಸಹಜ. ಜಾಗ ಹೇಳದ ಹಳೆಯ ವಿಮಾನದ ಸಂಕೇತವನ್ನು ನಾಲ್ಕು ರಿಸೀವರ್‌ಗಳು ಕೇಳಿ, ಯಾರಿಗೆ ಎಷ್ಟು ತಡವಾಗಿ ಕೇಳಿತು ಎಂಬ ವ್ಯತ್ಯಾಸದಿಂದ ಜಾಗ ಲೆಕ್ಕ ಹಾಕುತ್ತವೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ 300 ಮೀಟರ್ ತಪ್ಪು. ಅದೂ ನಮ್ಮ ಕಡೆ ರಿಸೀವರ್‌ಗಳೆಲ್ಲ ತೀರದ ಒಂದೇ ಬದಿಯಲ್ಲಿವೆ. ಸಮುದ್ರದ ಕಡೆ ಯಾರೂ ಇಲ್ಲ. ವಿಮಾನ ತೀರ ಬಿಟ್ಟು ದೂರ ಹೋದಷ್ಟೂ ಗೆರೆ ಹೆಚ್ಚು ನಡುಗುತ್ತದೆ.

ಹೆಸರು, ದಿನ, ನಕ್ಷೆ

ಕಣ್ಣೂರಿಗೆ ಹೋಗುವ ವಿಮಾನದ ಮೇಲೆ ಮಂಗಳೂರು ಎಂದು ಬರೆದಿದ್ದರೆ, ಹಿಂದಿನ ಹಾರಾಟದ ಸಂಖ್ಯೆ ಬದಲಾಗದೆ ಉಳಿದಿರಬಹುದು. ಹಳೆಯ ಗೆರೆ ಹುಡುಕುವಾಗ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, ಇದೆಯೇ ನೋಡಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ, ದುಬೈ ನಾಲ್ಕು ಗಂಟೆ ಮುಂದೆ. ಮುಂಜಾನೆ ಇಳಿದ ವಿಮಾನ ಅಲ್ಲಿ ಹಿಂದಿನ ದಿನಾಂಕದಲ್ಲಿ ಇರುತ್ತದೆ. ಅಮೆರಿಕದ ವಿಮಾನ ಉತ್ತರಕ್ಕೆ ಬಾಗಿ ನಕ್ಷೆಯ ಮೇಲಂಚಿನಿಂದ ಹೊರಗೆ ಹೋದರೆ, ದುಂಡು ಭೂಮಿಯನ್ನು ಚಪ್ಪಟೆ ಮಾಡಿದ್ದರ ಫಲ ಅದು. ಶಾಲೆಯ ಗೋಳದ ಮೇಲೆ ನೂಲು ಎಳೆದು ನೋಡಿ, ಹತ್ತಿರದ ದಾರಿ ಅದೇ.

ನಿಮ್ಮದೇ ರಿಸೀವರ್ ಇದ್ದರೆ

ಆಂಟೆನಾ, ಕೇಬಲ್ ಕೆಟ್ಟರೆ ಗೆರೆ ಸೊಟ್ಟಗಾಗುವುದು ಅಪರೂಪ. ಚುಕ್ಕೆಗಳು ಕಡಿಮೆಯಾಗುತ್ತವೆ, ಗೆರೆ ತುಂಡಾಗುತ್ತದೆ. ವಿಮಾನಗಳು ಎಷ್ಟು ದೂರದಿಂದ ಕಾಣುತ್ತವೆ ಎಂದು ಸುತ್ತಲೂ ಗುರುತು ಹಾಕಿ. ಒಂದು ದಿಕ್ಕಿನಲ್ಲಿ ಮಾತ್ರ ಕಡಿಮೆ ಇದ್ದರೆ ಅಲ್ಲಿ ಗುಡ್ಡೆಯೋ ತೆಂಗಿನ ತೋಟವೋ ಅಡ್ಡ ಇದೆ. ಬಜ್ಪೆಯಲ್ಲಿ ಇಳಿಯುವ ವಿಮಾನ ಕೊನೆಯ ಕೆಲವು ನೂರು ಅಡಿಯಲ್ಲಿ ನನಗೆ ಮಾಯವಾಗುವುದು ನಡುವಿನ ಗುಡ್ಡೆಗಳಿಂದ. ಎಲ್ಲ ದಿಕ್ಕಿನಲ್ಲೂ ಒಟ್ಟಿಗೆ ಕಡಿಮೆಯಾದರೆ ಕೇಬಲ್ ನೋಡಿ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಕನೆಕ್ಟರಿಗೆ ನೀರು ಇಳಿಯುವುದು ಜೂನ್ ತಿಂಗಳ ಮಾಮೂಲು ಕಾಯಿಲೆ. ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಕೇಬಲನ್ನು ಒಳಗೆ ತರುವ ಮೊದಲು ಕೆಳಗೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಗರಗಸದ ಹಲ್ಲು

ಈಗ ಅಕ್ಕ ಕಂಡ ಗೆರೆ. ಎತ್ತರ ನೋಡಿದೆ, ಮೆಟ್ಟಿಲಿಲ್ಲದೆ ಹದವಾಗಿ ಇಳಿಯುತ್ತಿತ್ತು. ಇನ್ನೊಂದು ಸೇವೆಯಲ್ಲಿ ಗೆರೆ ನೇರ ಇತ್ತು. ಅಲ್ಲಿಗೆ ಭಾವನ ಬಗ್ಗೆ ಚಿಂತೆ ಹೋಯಿತು. ಅಕ್ಕನಿಗೆ ಹೇಳಿದೆ, “ವಿಮಾನ ಸರಿ ಉಂಟು ಅಕ್ಕ, ನನ್ನ ನಕ್ಷೆಯೇ ಕೆಟ್ಟದ್ದು.”

ಮರುದಿನ ಚುಕ್ಕೆಗಳಿಗೆ ಬಣ್ಣ ಕೊಟ್ಟೆ. ಬದಿಯಡ್ಕದ್ದು ನೀಲಿ, ಮಂಜೇಶ್ವರದ್ದು ಹಸಿರು. ನೀಲಿ ಮಾತ್ರ ನೋಡಿದರೆ ನೇರ ಗೆರೆ. ಹಸಿರು ಮಾತ್ರ ನೋಡಿದರೂ ನೇರ ಗೆರೆ. ಎರಡನ್ನೂ ಸೇರಿಸಿದರೆ ಗರಗಸ. ಪ್ರತಿ ಹಲ್ಲಿನಲ್ಲೂ ನೀಲಿ ಮುಂದೆ, ಹಸಿರು ಹಿಂದೆ.

ಆಮೇಲೆ ಹಲ್ಲಿನ ಉದ್ದ ಅಳೆದೆ. ದೂರದಲ್ಲಿ, ವೇಗ ಗಂಟೆಗೆ 800 ಕಿ.ಮೀ. ಇದ್ದಾಗ, ಹಲ್ಲು ಸುಮಾರು 10.7 ಕಿ.ಮೀ. ಹತ್ತಿರದಲ್ಲಿ, ವೇಗ 450ಕ್ಕೆ ಇಳಿದಾಗ, 6 ಕಿ.ಮೀ. ಉದ್ದ ಬೇರೆ ಬೇರೆ. ಆದರೆ ದೂರವನ್ನು ವೇಗದಿಂದ ಭಾಗಿಸಿದಾಗ ಎರಡೂ ಕಡೆ 48 ಸೆಕೆಂಡ್ ಬಂತು. ಜಾಗ ತಪ್ಪಿದ್ದರೆ ಹಲ್ಲಿನ ಉದ್ದ ವೇಗಕ್ಕೆ ಸರಿಯಾಗಿ ಬದಲಾಗುವ ಕಾರಣ ಇರಲಿಲ್ಲ. ವೇಗದ ಜೊತೆ ಉದ್ದ ಬದಲಾಗಿ ಸೆಕೆಂಡ್ ಒಂದೇ ಉಳಿದರೆ ತಪ್ಪಿರುವುದು ಗಡಿಯಾರ.

ನನ್ನ ರಿಸೀವರ್ ಓಡುವುದು ರಾಸ್‌ಬೆರಿ ಪೈ ಎಂಬ ಒಂದು ಹಳೆಯ ಪುಟ್ಟ ಕಂಪ್ಯೂಟರಿನ ಮೇಲೆ. ಅದರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ, ಕೊನೆಗೆ ಬರೆದಿಟ್ಟ ಸಮಯದಿಂದ ಮತ್ತೆ ಎಣಿಸಲು ಶುರು ಮಾಡುತ್ತದೆ. ಇಂಟರ್ನೆಟ್ ಸಿಕ್ಕ ಮೇಲೆ ಸಮಯ ಸರಿ ಮಾಡಿಕೊಳ್ಳಬೇಕು. ಎರಡು ದಿನ ಹಿಂದೆ ಬೇರೊಂದು ಪರೀಕ್ಷೆಗೆಂದು ಆ ಸಮಯ ಹೊಂದಿಸುವ ಸರ್ವಿಸನ್ನು ನಾನೇ ನಿಲ್ಲಿಸಿದ್ದೆ. ಮತ್ತೆ ಶುರು ಮಾಡಲು ಮರೆತಿದ್ದೆ. ಆ ಸಂಜೆ ಸಿಡಿಲಿಗೆ ಕರೆಂಟ್ ಒಂದು ಗಳಿಗೆ ಹೋಗಿ ಬಂದಿತ್ತು. ಪೈ 48 ಸೆಕೆಂಡ್ ಹಿಂದೆ ಉಳಿಯಿತು. ಹಾಗಾಗಿ ಅದರ ಚುಕ್ಕೆಗಳ ಮೇಲೆ 48 ಸೆಕೆಂಡ್ ಹಳೆಯ ಸಮಯ ಬಿತ್ತು. ಸಮಯದ ಸಾಲಿನಲ್ಲಿಟ್ಟಾಗ ನೀಲಿ ಚುಕ್ಕೆಗಳು ಹಸಿರಿಗಿಂತ ಮುಂದೆ ಕೂತವು.

ಸರ್ವಿಸ್ ಮತ್ತೆ ಶುರು ಮಾಡಿದೆ, ಗರಗಸ ಅಲ್ಲಿಗೇ ನಿಂತಿತು. ಆದರೆ ಮುಂದಿನ ಸಿಡಿಲಿಗೆ ಮತ್ತೆ ಆಗಬಾರದು. ಹಾಗಾಗಿ ಬಟನ್ ಸೆಲ್ ಹಾಕುವ ಡಿಎಸ್3231 ಗಡಿಯಾರದ ಒಂದು ಪುಟ್ಟ ಬೋರ್ಡ್ ಜೋಡಿಸಿದೆ. ರಾಸ್‌ಬೆರಿ ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ತಂದು ಹಾಕಬೇಕು. ಸಮಯ ಹೊಂದುವ ತನಕ ರಿಸೀವರಿನ ಪ್ರೋಗ್ರಾಂ ಶುರುವಾಗದ ಹಾಗೆ ಮಾಡಿದೆ. ಎರಡು ಚುಕ್ಕೆಗಳ ನಡುವೆ ಗಂಟೆಗೆ 1,200 ಕಿ.ಮೀ.ಗಿಂತ ಜಾಸ್ತಿ ವೇಗ ಬಂದರೆ ಗೆರೆ ಎಳೆಯದೆ ಬಿಡಲು ಹೇಳಿದೆ.

ನಕ್ಷೆಯ ಮೂಲೆಯಲ್ಲಿ ಎರಡೂ ಗಡಿಯಾರಗಳ ವ್ಯತ್ಯಾಸ ಈಗ ಅಂಕಿಯಲ್ಲಿ ಕಾಣುತ್ತದೆ. ಅರ್ಧ ಸೆಕೆಂಡ್ ದಾಟಿದರೆ ಕೆಂಪಾಗುತ್ತದೆ. ರಜೆ ಮುಗಿಸಿ ಭಾವ ಮರಳಿ ಹೋಗುವ ರಾತ್ರಿ ಅಕ್ಕ ನನಗೆ ಫೋನ್ ಮಾಡಿದಳು. “ಮೂಲೆಯ ಅಂಕಿ ಹಸಿರು ಉಂಟು. ವಿಮಾನ ಸಮುದ್ರದ ಮೇಲೆ ಹೋಯ್ತು, ಇನ್ನು ಒಂದೂವರೆ ಗಂಟೆ ಕಾಣ್ಲಿಕ್ಕಿಲ್ಲ ಅಲ್ವಾ?” ಎಂದು ಕೇಳಿದಳು. ಹೌದು ಎಂದೆ.